ಮುಳುಗದ ನಾಣ್ಯ

ಸೋಮವಾರ ಬೆಳಿಗ್ಗೆ ಎಂಟಕ್ಕೆ ಸಂಶೋಧನಾಲಯದ ಮೂರನೇ ಮಹಡಿಯಿಂದ ಕೂಗು ಕೇಳಿಸಿತು. ಒಂಬತ್ತಕ್ಕೆ ಅಪರಾಧಿ ಯಾರೆಂದು ಎಲ್ಲರಿಗೂ ಗೊತ್ತಾಯಿತು. ಹತ್ತಕ್ಕೆ ನಿರ್ದೇಶಕರ ಸಭೆ, ಹನ್ನೆರಡಕ್ಕೆ ವಕೀಲರ ಜೊತೆ ಮಾತು. ಪೊಲೀಸರನ್ನು ಕರೆದದ್ದು ಮಧ್ಯಾಹ್ನ ಮೂರಕ್ಕೆ. ಅಷ್ಟರಲ್ಲಿ ತನಿಖೆ, ತೀರ್ಪು ಎರಡೂ ಮುಗಿದಿದ್ದವು. ಸಹಿ ಹಾಕುವ ಕೆಲಸ ಮಾತ್ರ ಉಳಿದಿತ್ತು.

ಸತ್ತದ್ದು ಮನುಷ್ಯರಲ್ಲ. ಆರುನೂರು ಪುಟ್ಟ ಪ್ಲಾಸ್ಟಿಕ್ ಟ್ಯೂಬುಗಳಲ್ಲಿದ್ದ ಒಂದು ಪ್ರೋಟೀನ್. ಸವೆದುಹೋಗುವ ಸ್ನಾಯುಗಳನ್ನು ಅದು ಮತ್ತೆ ಚಿಗುರಿಸುತ್ತದೆ ಎಂದು ಎರಡು ವರ್ಷದ ಹಿಂದೆ ಎಲ್ಲ ಪತ್ರಿಕೆಗಳೂ ಮೊದಲ ಪುಟದಲ್ಲಿ ಬರೆದಿದ್ದವು. ಆ ಸುದ್ದಿ ತನಿಖೆಗೆ ಬಂದ ಇನ್ಸ್‌ಪೆಕ್ಟರಿಗೆ ಬಾಯಿಪಾಠವಿತ್ತು. ಅವಳ ಅಕ್ಕನ ಮನೆಯ ಬೀರುವಿನ ಬಾಗಿಲಿಗೆ ಆ ಹಾಳೆಯನ್ನು ಅಂಟಿಸಿದ್ದರು. ಅಕ್ಕನ ಮಗಳು ಪುಟ್ಟಿಗೆ ಹನ್ನೊಂದು ವರ್ಷ. ಮೆಟ್ಟಿಲು ಹತ್ತುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಈಚೆಗೆ ಬಾಚಣಿಗೆ ಎತ್ತಲೂ ಆಗುತ್ತಿರಲಿಲ್ಲ.

ಆ ಪ್ರೋಟೀನನ್ನು ಕಂಡುಹಿಡಿದ ಪ್ರೊಫೆಸರ್ ಫ್ರೀಜರಿನ ಮುಂದೆ ನಿಂತಿದ್ದರು. ಆಳೆತ್ತರದ ಬಿಳಿ ಪೆಟ್ಟಿಗೆ. ಪಕ್ಕದಲ್ಲಿ ನೆಲ ಉಜ್ಜುವ ಮಿಷನ್.

"ಶುಕ್ರವಾರ ಸಂಜೆ ಆ ಕಸದವಳು ಇದರ ಪ್ಲಗ್ ಕಿತ್ತು ತನ್ನ ಮಿಷನ್ ಹಾಕ್ಕೊಂಡಿದಾಳೆ. ಮತ್ತೆ ಹಾಕೋದು ಮರೆತಿದಾಳೆ. ಎರಡೂವರೆ ದಿನ! ಬೆಳಿಗ್ಗೆ ಬಂದಾಗ ನೆಲವೆಲ್ಲ ನೀರು."

"ಅಲಾರಂ ಇಲ್ವಾ?"

"ಅದೂ ಇದೇ ಪ್ಲಗ್ಗಿನದು."

ಬಾಗಿಲು ತೆರೆದರು. ಬಿಳಿ ಹೊಗೆ ಮುಖಕ್ಕೆ ರಾಚಿತು. ಹೆಡ್ ಕಾನ್‌ಸ್ಟೆಬಲ್ ಒಂದು ಹೆಜ್ಜೆ ಹಿಂದೆ ಸರಿದ. "ಅಬ್ಬಬ್ಬಾ! ನಾವು ರಜೆ ಕೇಳಿದಾಗ ಸಾಹೇಬರು ನೋಡೋ ನೋಟದಷ್ಟೇ ತಣ್ಣಗಿದೆ ಮೇಡಂ."

"ಈಗ ಗಟ್ಟಿಯಾಗೇ ಇದೆಯಲ್ಲ?" ಇನ್ಸ್‌ಪೆಕ್ಟರ್ ಕೇಳಿದಳು.

"ನೋಡಿದ ತಕ್ಷಣ ನಾನೇ ಪ್ಲಗ್ ಹಾಕಿದೆ. ಏಳು ಗಂಟೆಯಾಯ್ತು, ಮತ್ತೆ ಹೆಪ್ಪುಗಟ್ಟಿದೆ. ಆದ್ರೇನು? ಹಾಲು ಒಡೆದ ಮೇಲೆ ಫ್ರಿಜ್ಜಲ್ಲಿಟ್ರೆ ಹಾಲಾಗುತ್ತಾ? ಬೆಳಿಗ್ಗೆ ಒಂದೊಂದೂ ನೀರಾಗಿತ್ತು. ನಾನೇ ಅಲ್ಲಾಡಿಸಿ ನೋಡಿದೆ."

ಇನ್ಸ್‌ಪೆಕ್ಟರ್ ಬಗ್ಗಿ ಇಣುಕಿದಳು. ತೀರಾ ಕೆಳಗಿನ ಹಲಗೆಯ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಲೋಟ. ಅದರ ತುಂಬ ಮಂಜುಗಡ್ಡೆ, ಮೇಲೊಂದು ನಾಣ್ಯ. ನಾಣ್ಯದ ಮೇಲೆ ಉಪ್ಪು ಉದುರಿಸಿದಂತೆ ಹಿಮ.

"ಇದೇನು?"

"ಯಾರೋ ವಿದ್ಯಾರ್ಥಿಗಳ ಮಂಗಾಟ ಇರಬೇಕು. ಬಾಗಿಲು ಹಾಕಿ ಮೇಡಂ, ದಯವಿಟ್ಟು."

ಅವಳು ಎರಡು ಟ್ಯೂಬುಗಳನ್ನು ಪೊಲೀಸ್ ಪ್ರಯೋಗಾಲಯಕ್ಕೆಂದು ತೆಗೆದಿಟ್ಟಳು. ಬಾಗಿಲಿಗೆ ಸೀಲು ಹಾಕಿಸಿದಳು. ಇನ್ನಾರೂ ಮುಟ್ಟುವಂತಿಲ್ಲ. ಅದು ಅವಳ ಪದ್ಧತಿ. ಹೆಣ ಯಾರದೇ ಇರಲಿ, ಪದ್ಧತಿ ಒಂದೇ.

* * *

ಗೇಟಿನ ಪಕ್ಕ ಕಾವಲುಗಾರನ ಕೋಣೆ. ಬೆಳಿಗ್ಗೆ ಒಂಬತ್ತರಿಂದ ಕಸಗುಡಿಸುವ ಹೆಂಗಸನ್ನು ಅಲ್ಲಿ ಕೂರಿಸಿದ್ದರು. ಊಟ ಕೊಟ್ಟಿರಲಿಲ್ಲ. ಅವಳ ವಯಸ್ಸು ಐವತ್ತರ ಆಚೆ. ನೆಲ ತೊಳೆಯುವ ದ್ರಾವಣಕ್ಕೆ ಬೆರಳ ಸಂದುಗಳೆಲ್ಲ ಬಿರುಕು ಬಿಟ್ಟಿದ್ದವು.

"ಪ್ಲಗ್ ಕಿತ್ತಿದ್ದು ನೀನೇನಾ?"

"ಇಲ್ಲ ತಾಯಿ. ಮಿಷನ್ ಕಾರಿಡಾರಿಗೆ ಮಾತ್ರ. ಆ ರೂಮು ಕೈಯಲ್ಲೇ ಒರೆಸೋದು. ಮಿಷನ್ ಅಲ್ಲಿಗೆ ಹೇಗೆ ಬಂತೋ ಗೊತ್ತಿಲ್ಲ."

"ಅಂದ್ರೆ ಪ್ರೊಫೆಸರ್ ಸುಳ್ಳು ಹೇಳ್ತಾರಾ?"

"ದೊಡ್ಡೋರು ಸುಳ್ಳು ಹೇಳಲ್ಲಮ್ಮ. ಅವರು ಹೇಳಿದ್ದು ನಿಜ ಆಗಿಬಿಡುತ್ತೆ."

ಕಾವಲುಗಾರ ನಡುವೆ ಬಾಯಿ ಹಾಕಿದ. "ಹಿಂದೆನೂ ಹೀಗೇ ಆಗಿತ್ತು ಮೇಡಂ."

"ಆರು ವರ್ಷದ ಹಿಂದೆ," ಎಂದಳು ಹೆಂಗಸು. "ಕರೆಂಟು ಹೋಗಿ ಒಂದು ಫ್ರೀಜರ್ ಕೆಟ್ಟಿತು. ನನ್ನ ತಲೆಗೆ ಕಟ್ಟಿದ್ರು. ಮೂರು ತಿಂಗಳು ಮನೇಲಿ ಕೂರಿಸಿದ್ರು. ಆಮೇಲೆ ನಂದಲ್ಲ ತಪ್ಪು ಅಂತ ಗೊತ್ತಾಯ್ತು. ಕರೆದ್ರು, ಬಂದೆ."

"ಅಂದ್ರೆ ಈ ಕೆಲಸ ನಿನಗೆ ಹೊಸದಲ್ಲ."

ಹೆಂಗಸು ಏನೋ ಹೇಳಲು ತುಟಿ ತೆರೆದಳು. ಕಾವಲುಗಾರನ ಕಡೆ ನೋಡಿದಳು. ತುಟಿ ಮುಚ್ಚಿತು.

ಹೊರಗೆ ಬರುವಷ್ಟರಲ್ಲಿ ಅಕ್ಕನ ಫೋನು. "ಟೀವೀಲಿ ಬರ್ತಿದೆ ಕಣೇ. ಯಾರೇ ಆ ಹಾಳಾದೋಳು? ಅವಳ ಕೈ ಸೇದಿಹೋಗ! ಪುಟ್ಟಿ ಗೋಡೆ ಕಡೆ ತಿರುಗಿ ಮಲಗಿದಾಳೆ, ಮಾತೇ ಆಡ್ತಿಲ್ಲ. ಬಿಡಬೇಡ ಅವಳನ್ನ."

"ಬಿಡಲ್ಲ ಅಕ್ಕ."

ಹಾಗೆಂದಾಗ ಇನ್ಸ್‌ಪೆಕ್ಟರ್ ಹಲ್ಲು ಕಚ್ಚಿದ್ದಳು.

* * *

ಆದರೂ ಕಾವಲುಗಾರನ ಪುಸ್ತಕ ತಿರುವಿಹಾಕಿದಳು. ಶನಿವಾರ ಮೂರನೇ ಮಹಡಿಗೆ ಹೋದದ್ದು ಒಬ್ಬನೇ. ಎದುರು ಕೋಣೆಯ ವಿಜ್ಞಾನಿ. ಕಟ್ಟಡದವರೆಲ್ಲ ಅವನನ್ನು ಆಕ್ಷೇಪಣೆ ಎಂದೇ ಕರೆಯುತ್ತಿದ್ದರು. ಯಾವ ಸಭೆಯಲ್ಲಾದರೂ ಮೊದಲು ಏಳುವ ಕೈ ಅವನದು. ಅದಕ್ಕೇ ಹನ್ನೆರಡು ವರ್ಷದಿಂದ ಬಡ್ತಿಯಿಲ್ಲ, ಕಿಟಕಿಯಿರುವ ಕೋಣೆಯೂ ಇಲ್ಲ.

"ಹಿಡಿಯೋಕೆ ಬಂದ್ರಾ?" ಅವನು ಕುರ್ಚಿಯ ಮೇಲಿನ ಕಾಗದದ ಕಟ್ಟು ಇಳಿಸಿದ. "ಕೂತ್ಕೊಂಡು ಹಿಡೀರಿ. ಆ ಕುರ್ಚಿಗೆ ಮೂರೇ ಕಾಲು, ಜೋಪಾನ."

"ಶನಿವಾರ ಇಲ್ಲೇನು ಕೆಲಸ?"

"ನನ್ನ ಇಲಿಗಳಿಗೆ ವಾರದ ರಜೆ ಇಲ್ಲ. ಹೊಟ್ಟೆ ಇದೆ."

"ಪ್ರೊಫೆಸರ್ ಹೆಸರು ಮಾಡಿದ್ದು ನಿಮಗೆ ಹೊಟ್ಟೆಕಿಚ್ಚು ಅಂತ ಎಲ್ಲರೂ ಹೇಳ್ತಾರೆ."

"ಸತ್ಯವಾಗ್ಲೂ ಕಿಚ್ಚಿದೆ. ಮುಚ್ಚಿಡೋದೇನು? ಆದ್ರೆ ಕೇಳಿ. ಅವರ ಪ್ರಯೋಗನ ಒಂಬತ್ತು ಕಡೆ ಮಾಡಿ ನೋಡಿದ್ರು. ಒಂದು ಕಡೆನೂ ಫಲ ಬರಲಿಲ್ಲ. ನಿಮ್ಮ ಕೈಗುಣ ಸರಿಯಿಲ್ಲ ಅಂತ ಇವರು ಉತ್ತರ ಕೊಟ್ರು. ಕೊನೆಗೆ ಹೊರಗಿನ ತಂಡವೊಂದು ಟ್ಯೂಬನ್ನೇ ಕೊಡಿ, ನಾವೇ ನೋಡ್ತೀವಿ ಅಂತು. ಅವರು ಬರಬೇಕಿದ್ದಿದ್ದು ಇವತ್ತು ಮಧ್ಯಾಹ್ನ."

ಇನ್ಸ್‌ಪೆಕ್ಟರ್ ಅದನ್ನು ಬರೆದುಕೊಂಡಳು.

"ಅದು ಪೊಳ್ಳು ಅಂತ ತೋರಿಸೋಕೆ ಆ ಟ್ಯೂಬುಗಳು ಬೇಕಿದ್ದಿದ್ದು ನನಗೆ. ಅವನ್ನ ನಾನೇ ಯಾಕೆ ಹಾಳು ಮಾಡ್ಲಿ?"

"ಅದು ಪೊಳ್ಳಲ್ಲ," ಎಂದಳು. ದನಿ ತಾನಾಗಿ ಏರಿತು. "ಎಷ್ಟೋ ಮಕ್ಕಳು ಅದನ್ನೇ ನಂಬಿ ಕೂತಿದಾರೆ."

ಆಕ್ಷೇಪಣೆ ಅವಳ ಮುಖವನ್ನೇ ನೋಡಿದ. ಮೊದಲ ಬಾರಿಗೆ ಅವನ ದನಿ ಇಳಿಯಿತು. "ನಿಮ್ಮ ಮನೇಲೂ ಇದಾರಾ?"

ಅವಳು ಎದ್ದಳು. ಬಾಗಿಲ ತನಕ ಹೋಗಿ ತಿರುಗಿದಳು. "ಕರಗಿ ಕೆಟ್ಟ ಪ್ರೋಟೀನ್ ಏನಾಗುತ್ತೆ? ಆವಿಯಾಗುತ್ತಾ?"

"ಎಲ್ಲಿಗೆ ಹೋಗುತ್ತೆ ಮೇಡಂ? ಕೆಲಸ ಮಾಡಲ್ಲ, ಅಷ್ಟೇ. ಹೆಣ ಅಲ್ಲೇ ಬಿದ್ದಿರುತ್ತೆ."

* * *

ಮರುದಿನ ಹೆಂಗಸನ್ನು ಠಾಣೆಗೆ ಕರೆತಂದರು. ಇನ್ಸ್‌ಪೆಕ್ಟರ್ ಎಲ್ಲರನ್ನೂ ಹೊರಗೆ ಕಳಿಸಿದಳು. ಕುರ್ಚಿ ಎಳೆದುಕೊಟ್ಟಳು. ಹೆಂಗಸು ಕುರ್ಚಿಯ ಅಂಚಿನಲ್ಲಿ, ಯಾವಾಗ ಬೇಕಾದರೂ ಏಳಲು ಸಿದ್ಧಳಾದಂತೆ ಕೂತಳು.

"ಅಮ್ಮ, ನಿನ್ನೆ ಏನೋ ಹೇಳೋಕೆ ಹೋಗಿ ನುಂಗಿಕೊಂಡ್ರಿ."

ಹೆಂಗಸು ಮೊದಲು ಗಮನಿಸಿದ್ದು ಆ ಬಹುವಚನವನ್ನು. "ಹೇಳಿದ್ರೆ ಇನ್ನೊಂದು ತಪ್ಪು ಒಪ್ಪಿಕೊಂಡಂಗಾಗುತ್ತೆ. ಫ್ರೀಜರ್ ಒಳಗೆ ಹೊರಗಿನ ಸಾಮಾನು ಇಟ್ರೆ ಕೆಲಸದಿಂದ ತೆಗೀತಾರೆ. ಬಾಗಿಲ ಮೇಲೇ ಬರೆದಿದೆ."

"ಆ ಲೋಟ ನಿಮ್ಮದಾ?"

"ಹೂಂ."

"ಯಾಕಿಟ್ರಿ?"

"ಆರು ವರ್ಷದ ಹಿಂದೆ ನನ್ನ ತಲೆಗೆ ಕಟ್ಟಿದ್ರಲ್ಲ. ಆಗ ಇಲ್ಲೊಬ್ಬರು ಹಳೇ ಟೆಕ್ನಿಷಿಯನ್ ಇದ್ರು, ಈಗ ತೀರಿಕೊಂಡ್ರು. ನಾನು ಅಳ್ತಾ ಕೂತಿದ್ದಾಗ ಹೇಳಿಕೊಟ್ರು. ಅಳಬೇಡವ್ವ, ನಿನ್ನ ಸಾಕ್ಷಿ ನೀನೇ ಇಟ್ಕೋ, ನಿನ್ನ ಪರವಾಗಿ ಇವರ್‍ಯಾರೂ ಬಾಯಿ ಬಿಡಲ್ಲ ಅಂದ್ರು." ಅವಳು ಬಿರುಕು ಬಿಟ್ಟ ಬೆರಳಿನಿಂದ ಮೇಜಿನ ಮೇಲೆ ಲೋಟದ ಸುತ್ತಳತೆ ಗೀಚಿದಳು. "ಲೋಟದಲ್ಲಿ ನೀರು ಹೆಪ್ಪುಗಟ್ಟಿಸಬೇಕು. ಆಮೇಲೆ ಮೇಲೊಂದು ನಾಣ್ಯ ಇಡಬೇಕು..."

ಅವಳು ಮುಗಿಸುವಷ್ಟರಲ್ಲಿ ಇನ್ಸ್‌ಪೆಕ್ಟರ್ ಎದ್ದು ನಿಂತಿದ್ದಳು. ಮುಖ ಬಿಳಿಚಿತ್ತು. ಕಳ್ಳ ಸಿಕ್ಕಾಗ ಪೊಲೀಸರ ಮುಖ ಹಾಗಿರುವುದಿಲ್ಲ.

* * *

ನಿರ್ದೇಶಕರ ಕೋಣೆಯಲ್ಲಿ ಮೆತ್ತನೆಯ ಕುರ್ಚಿಗಳು. ನಿರ್ದೇಶಕರು, ಪ್ರೊಫೆಸರ್, ಬಾಗಿಲ ಬಳಿ ಆಕ್ಷೇಪಣೆ. ಹೆಡ್ ಕಾನ್‌ಸ್ಟೆಬಲ್ ಥರ್ಮಕೋಲ್ ಡಬ್ಬಿಯೊಂದನ್ನು ಮಗುವನ್ನು ಎತ್ತಿಕೊಂಡಂತೆ ಹಿಡಿದುಕೊಂಡಿದ್ದ.

"ಸರ್, ಇನ್ನೊಂದ್ಸಲ ಹೇಳಿ. ಸೋಮವಾರ ಬೆಳಿಗ್ಗೆ ಎಲ್ಲ ಕರಗಿತ್ತಾ?"

"ಎಷ್ಟು ಸಲ ಹೇಳ್ಬೇಕು? ಪ್ರತಿಯೊಂದೂ."

"ಕೆಳಗಿನ ಹಲಗೇಲೂ?"

"ಕೆಳಗಿನ ಹಲಗೇಲೂ! ನೀರು ಹರೀತಿತ್ತು."

ಇನ್ಸ್‌ಪೆಕ್ಟರ್ ಡಬ್ಬಿ ತೆರೆದು ಲೋಟವನ್ನು ಮೇಜಿನ ನಡುವೆ ಇಟ್ಟಳು.

"ಆಯಮ್ಮ ಇಟ್ಟ ಈ ಲೋಟ ಎಂಟು ತಿಂಗಳಿಂದ ನಿಮ್ಮ ಫ್ರೀಜರಿನ ಕೆಳಗಿನ ಹಲಗೇಲಿದೆ. ಸೋಮವಾರದಿಂದ ಸೀಲಿನೊಳಗಿತ್ತು. ಫ್ರೀಜರ್ ಕರಗಿದ್ರೆ ಮಂಜು ನೀರಾಗುತ್ತೆ, ನಾಣ್ಯ ತಳಕ್ಕೆ ಮುಳುಗುತ್ತೆ. ಮತ್ತೆ ಹೆಪ್ಪುಗಟ್ಟಿದ್ರೆ ಅದು ತಳದಲ್ಲೇ ಸಿಕ್ಕಿಕೊಳ್ಳುತ್ತೆ. ನೋಡಿ, ನಾಣ್ಯ ಎಲ್ಲಿದೆ?"

ನಾಣ್ಯ ಮೇಲಿತ್ತು. ಹಿಮ ಹೊದ್ದು ಮಲಗಿತ್ತು.

"ಫ್ರೀಜರ್ ಯಾವತ್ತೂ ಕರಗಲಿಲ್ಲ. ಸೋಮವಾರ ಬೆಳಿಗ್ಗೆ ನೀವು ಕಾರಿಡಾರಿನ ಮಿಷನ್ ಎಳ್ಕೊಂಡು ಬಂದ್ರಿ. ಪ್ಲಗ್ ಬದಲಿಸಿದ್ರಿ. ನೆಲಕ್ಕೆ ನೀರು ಚೆಲ್ಲಿದ್ರಿ. ಆಮೇಲೆ ಕೂಗಿದ್ರಿ. ಒಬ್ಬ ಕಸದವಳ ತಲೆ ಮೇಲೆ ಹಿಂದೆ ಹೊರಿಸಿದ ಆರೋಪವೊಂದು ಸಿದ್ಧವಾಗೇ ಇತ್ತು. ಅವಳ ಮಾತನ್ನ ಯಾರೂ ನಂಬಲ್ಲ ಅಂತ ನಿಮಗೆ ಗೊತ್ತಿತ್ತು. ನಾನೂ ನಂಬಲಿಲ್ಲ."

"ಒಂದು ಲೋಟ ಇಟ್ಕೊಂಡು ವಿಜ್ಞಾನ..." ಎಂದರು ಪ್ರೊಫೆಸರ್.

"ನಿನ್ನೆ ಕಳಿಸಿದ ಟ್ಯೂಬುಗಳ ವರದಿನೂ ಬಂದಿದೆ. ಕರಗಿ ಕೆಟ್ಟಿದ್ರೆ ಕೆಟ್ಟ ಪ್ರೋಟೀನಾದ್ರೂ ಸಿಗಬೇಕಿತ್ತು. ಅಲ್ಲಿ ಇರೋದು ಉಪ್ಪುನೀರು. ಹೆಣವೇ ಇಲ್ಲ ಸರ್. ಹುಟ್ಟದೇ ಇರೋದು ಸಾಯೋದು ಹೇಗೆ?"

ಆಕ್ಷೇಪಣೆ ಗೆದ್ದವನಂತೆ ನಗಲಿಲ್ಲ. ಕನ್ನಡಕ ತೆಗೆದು ಒರೆಸುತ್ತ ನಿಂತ.

ಪ್ರೊಫೆಸರ್ ಲೋಟದತ್ತ ಬಗ್ಗಿದರು. "ಮೊದಲ ಮೂರು ಇಲಿಗಳಲ್ಲಿ ಬಂದಿತ್ತು," ಎಂದರು. "ಆಣೆ ಮಾಡಿ ಹೇಳ್ತೀನಿ, ಬಂದಿತ್ತು. ಆಮೇಲೆ ಬರಲಿಲ್ಲ. ಇನ್ನಾರು ತಿಂಗಳು ಸಿಕ್ಕರೆ ಬರುತ್ತೆ ಅಂದ್ಕೊಂಡೆ. ಅಷ್ಟರಲ್ಲಿ ಪತ್ರಿಕೆಯವರು ಬಂದ್ರು, ಪ್ರಶಸ್ತಿ ಬಂತು. ತಾಯಂದಿರ ಕಾಗದಗಳು ಬರೋಕೆ ಶುರುವಾದ್ವು. ಅವರಿಗೆ ಇಲ್ಲ ಅಂತ ಹೇಗೆ ಬರೀಲಿ?"

"ಇಲ್ಲ ಅಂತಲೇ ಬರೀಬೇಕಿತ್ತು."

ನಿರ್ದೇಶಕರು ಗಂಟಲು ಸರಿಮಾಡಿಕೊಂಡರು. "ಮೇಡಂ, ಇದು ಸಂಸ್ಥೆಯ ಮರ್ಯಾದೆ ಪ್ರಶ್ನೆ. ದೂರು ವಾಪಸ್ ತಗೋತೀವಿ. ಒಳಗೇ ಒಂದು ಸಮಿತಿ ಮಾಡ್ತೀವಿ. ಆಯಮ್ಮನ್ನೂ ಕೆಲಸಕ್ಕೆ ವಾಪಸ್ ತಗೋತೀವಿ, ಆಯ್ತಲ್ಲ?"

"ದೂರು ಕೊಡುವಾಗ ಅವಳಿಗೆ ಮರ್ಯಾದೆ ಇದೆ ಅಂತ ನೆನಪಾಗಲಿಲ್ವಾ ಸರ್? ಈಗ ಸುಳ್ಳು ದೂರು ಕೊಟ್ಟ ಕೇಸು ಇದೆ, ಸಾಕ್ಷಿ ಸೃಷ್ಟಿಸಿದ ಕೇಸು ಇದೆ. ಅವೆರಡನ್ನೂ ವಾಪಸ್ ತಗೊಳ್ಳೋಕೆ ನಿಮ್ಮ ಕೈಲಾಗಲ್ಲ." ಅವಳು ಹೆಡ್ ಕಾನ್‌ಸ್ಟೆಬಲ್ ಕಡೆ ತಿರುಗಿದಳು. "ಪ್ರೊಫೆಸರನ್ನ ಜೀಪಿಗೆ ಹತ್ತಿಸಿ."

* * *

ಠಾಣೆಯ ಮೆಟ್ಟಿಲ ಮೇಲೆ ಹೆಂಗಸು ಕಾಯುತ್ತಿದ್ದಳು.

"ನೀವು ಹೋಗಬಹುದಮ್ಮ. ನಿಮ್ಮ ಮೇಲೆ ಏನೂ ಇಲ್ಲ."

"ನನ್ನ ನಾಣ್ಯ?"

"ಅದು ಸಾಕ್ಷಿ. ಕೋರ್ಟಿಗೆ ಹೋಗುತ್ತೆ."

"ಹಾಗಾದ್ರೆ ನಾಳೆ ಇನ್ನೊಂದು ಇಡಬೇಕು." ಹೆಂಗಸು ಸೆರಗು ಸರಿಮಾಡಿಕೊಂಡಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅಲ್ಲಿ ಸಿಟ್ಟಿದ್ದರೆ ಇನ್ಸ್‌ಪೆಕ್ಟರಿಗೆ ಎಷ್ಟೋ ಹಗುರಾಗುತ್ತಿತ್ತು.

ಫೋನು ಹೊಡೆದುಕೊಂಡಿತು. ಅಕ್ಕ.

"ಒಪ್ಕೊಂಡ್ಲೇನೇ ಅವಳು?"

"ಅವಳದೇನೂ ತಪ್ಪಿಲ್ಲ ಅಕ್ಕ. ಪ್ರೊಫೆಸರ್ರೇ ನಾಟಕ ಆಡಿದ್ದು. ಟ್ಯೂಬಲ್ಲಿ ಮದ್ದೇ ಇರಲಿಲ್ಲ. ಮೊದಲಿಂದಲೂ ಇರಲಿಲ್ಲ."

ಅಕ್ಕ ಪಿಸುದನಿಯಲ್ಲಿ ಕೇಳಿದಳು. ಪುಟ್ಟಿ ಪಕ್ಕದಲ್ಲೇ ಇದ್ದಿರಬೇಕು.

"ಅವಳೇ ಹಾಳು ಮಾಡಿದ್ಲು ಅಂತ ಹೇಳೇ, ನಿನ್ನ ದಮ್ಮಯ್ಯ. ಹಾಗಾದ್ರೆ ಮದ್ದು ಅಂತ ಒಂದು ಇತ್ತು ಅಂತಾದ್ರೂ ಆಗುತ್ತೆ."

ಇನ್ಸ್‌ಪೆಕ್ಟರ್ ರಸ್ತೆ ನೋಡಿದಳು. ಹೆಂಗಸು ಬಸ್ಸು ನಿಲ್ದಾಣದ ಕಡೆ ನಡೆಯುತ್ತಿದ್ದಳು. ಎರಡು ದಿನ ಕೂತು ಮರಗಟ್ಟಿದ ಕಾಲು, ಸ್ವಲ್ಪ ಕುಂಟುತ್ತಿದ್ದಳು.

"ಇಲ್ಲ ಅಕ್ಕ," ಎಂದಳು. "ಅವಳ ಕೈಗೆ ಹಾಕಿದ ಶಾಪ ಮೊದಲು ವಾಪಸ್ ತಗೋ. ಆಮೇಲೆ ಫೋನು ಪುಟ್ಟಿ ಕೈಗೆ ಕೊಡು. ಅವಳಿಗೆ ನಾನೇ ಹೇಳ್ತೀನಿ."