ನಾಲ್ಕು ದಾರದ ರೀಲುಗಳ ಮೇಲೆ ಅಪ್ಪನ ಬಸ್ಸು

“ರೀ, ಏನ್ರೀ ಮಾಡಿಟ್ಟಿದ್ದೀರಾ ನಮ್ಮ ಲ್ಯಾಪ್‌ಟಾಪಿಗೆ?”

ಅಂಗಡಿಯಲ್ಲಿದ್ದ ಮೂವರು ಗಿರಾಕಿಗಳೂ ಒಟ್ಟಿಗೆ ತಿರುಗಿ ನೋಡಿದರು. ಬಾಗಿಲಲ್ಲಿ ನಿಂತವಳ ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ತೋಳಿನ ತುಂಬಾ ಬಣ್ಣಬಣ್ಣದ ದಾರದ ಚೂರುಗಳು. ಪರದೆ ಹೊಲಿಯುವುದು ಅವಳ ಕಸುಬು. ಹೊಲಿಗೆ ಮೆಷಿನ್ನಿನ ಮುಂದಿಂದ ಹಾಗೇ ಎದ್ದು ಬಂದಿದ್ದಾಳೆಂದು ಯಾರು ಬೇಕಾದರೂ ಹೇಳಬಹುದಿತ್ತು.

ಕೌಂಟರಿನ ಹಿಂದೆ ಕೂತಿದ್ದ ರಿಪೇರಿಯವನು ಸ್ಕ್ರೂಡ್ರೈವರ್ ಕೆಳಗಿಟ್ಟ.

“ಕೂತ್ಕೊಳ್ಳಿ ಮೇಡಂ. ಏನಾಯ್ತು ಹೇಳಿ.”

“ಕೂರೋಕೆ ಬಂದಿಲ್ಲ ನಾನು! ಹೋದ ವಾರ ದೊಡ್ಡ ಡಿಸ್ಕ್ ಹಾಕಿ ಕೊಟ್ರಲ್ಲ, ಅವತ್ತಿಂದ ನಮ್ಮ ಬಸ್ಸು ಓಡ್ತಾನೇ ಇಲ್ಲ!”

“ಬಸ್ಸಾ?”

ಒಬ್ಬ ಗಿರಾಕಿ ಕಿಸಕ್ಕನೆ ನಕ್ಕ. ಅವಳ ಕಿವಿ ಕೆಂಪಾಯಿತು.

“ಬಸ್ಸು ಓಡ್ಸೋ ಗೇಮು! ತಿರುವು ಬಂದ್ರೆ ನಿಂತು ನಿಂತು ಹೋಗುತ್ತೆ. ಬ್ರೇಕ್ ಹಾಕಿದ್ರೆ ಆಮೇಲೆ ಯಾವಾಗ್ಲೋ ನಿಲ್ಲುತ್ತೆ. ಮೊದ್ಲು ಬೆಣ್ಣೆ ಹಾಗೆ ಓಡ್ತಿತ್ತು. ಕೆಲ್ಸ ಬರದೇ ಇದ್ರೆ ಅಂಗಡಿ ಯಾಕ್ರೀ ಇಟ್ಕೋಬೇಕು?”

ಅಷ್ಟು ಜನರ ಮುಂದೆ ಅಂಥ ಮಾತು! ಬೇರೆ ಯಾರಾದರೂ ಆಗಿದ್ದರೆ ತಿರುಗಿ ಎರಡು ಅನ್ನದೆ ಬಿಡುತ್ತಿರಲಿಲ್ಲ. ಇವನು ಮಾತ್ರ ಒಂದು ರಟ್ಟಿನ ಕಾರ್ಡು ತೆಗೆದು, ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡ: ‘ದೂರು: ಬಸ್ಸು ತಡವರಿಸುತ್ತದೆ.’

ಆ ಅಂಗಡಿಯ ಪದ್ಧತಿಯೇ ಅದು. ಬಂದ ಪ್ರತಿ ಮೆಷಿನ್ನಿಗೂ ಒಂದು ಕಾರ್ಡು, ಅದರಲ್ಲಿ ದೂರು, ಕಾರಣ, ಪರಿಹಾರ ಅಂತ ಮೂರು ಸಾಲು. ಕೆಲಸ ಮುಗಿದ ಮೇಲೂ ಅವನು ಕಾರ್ಡು ಎಸೆಯುತ್ತಿರಲಿಲ್ಲ. ಗೋಡೆಯುದ್ದಕ್ಕೂ ತಂತಿಗೆ ಪೋಣಿಸಿಡುತ್ತಿದ್ದ.

ಅರ್ಧ ಗಂಟೆ ಅವನು ತಲೆಯೆತ್ತಲಿಲ್ಲ. ಡಿಸ್ಕಿನ ವೇಗ ನೋಡಿದ. ಗ್ರಾಫಿಕ್ಸ್ ಡ್ರೈವರ್ ನೋಡಿದ. ಚಾರ್ಜರ್ ಪರೀಕ್ಷೆ ಮಾಡಿದ. ಕೊನೆಗೆ ಗೇಮನ್ನೇ ಹಚ್ಚಿದ. ಆ ಹಾಳು ಬಸ್ಸು ಏನು ಮಾಡಬೇಕು? ಅವನ ಬರಿ ಮೇಜಿನ ಮೇಲೆ ಕೂತು ಜುಮ್ಮೆಂದು ಓಡಿತು!

“ಇಲ್ಲಿ ಚೆನ್ನಾಗೇ ಓಡ್ತಿದೆಯಲ್ಲ ಮೇಡಂ...”

“ಅಂದ್ರೆ ನಾನು ಸುಳ್ಳು ಹೇಳ್ತಿದ್ದೀನಾ?”

“ಅಯ್ಯೋ, ಹಾಗಲ್ಲ...”

ಅವಳು ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿಕೊಂಡು ಹೊರಟೇಬಿಟ್ಟಳು. ‘ಇನ್ನೊಂದ್ಸಲ ಇವನ ಮುಖ ನೋಡಿದ್ರೆ ಕೇಳು!’ ಅಂದುಕೊಂಡಳು. ಪಾಪ, ಮರುದಿನವೇ ನೋಡಬೇಕಾಗುತ್ತದೆಂದು ಅವಳಿಗೇನು ಗೊತ್ತು!

ಒಂದು ಗೇಮಿಗೆ ಇಷ್ಟೊಂದು ರಂಪವೇ ಎಂದು ನೀವು ಕೇಳಬಹುದು. ಅದು ಅವಳ ಗೇಮಲ್ಲ. ಅವಳ ಅಪ್ಪನದು.

ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಮನುಷ್ಯ. ಹೋದ ವರ್ಷ ಒಂದು ಬೆಳಗ್ಗೆ ಹಲ್ಲುಜ್ಜುತ್ತಾ ನಿಂತಲ್ಲೇ ಕುಸಿದರು. ಜೀವ ಉಳಿಯಿತು, ಬಲಗೈ ಸೋತಿತು. ‘ಕೈಗೆ ಕೆಲಸ ಕೊಡ್ತಾ ಇರಿ, ಬಿಟ್ರೆ ಮರಗಟ್ಟುತ್ತೆ’ ಎಂದಿದ್ದರು ಡಾಕ್ಟರು. ಮೆತ್ತನೆ ಚೆಂಡು ಕೊಟ್ಟರೆ ಅಪ್ಪ ಮೂಲೆಗೆಸೆದರು. “ನಾನೇನು ಮಗೂನಾ?” ಆಗ ಮಗಳೇ ಯೋಚಿಸಿ ಈ ಗೇಮು ತಂದಳು, ಮೇಜಿಗೆ ಒಂದು ಸ್ಟೇರಿಂಗ್ ಬಿಗಿಸಿದಳು.

ಅಷ್ಟೇ! ದಿನಾ ಸಂಜೆ ಐದಕ್ಕೆ ಅಪ್ಪ ತಲೆ ಬಾಚಿ, ಶರ್ಟಿನ ಗುಂಡಿ ಹಾಕಿಸಿಕೊಂಡು ಡ್ಯೂಟಿಗೆ ಕೂರುತ್ತಿದ್ದರು. ಪಕ್ಕದ ಸ್ಟೂಲಿನಲ್ಲಿ ಮಗಳು ಕಂಡಕ್ಟರ್. “ರೈಟ್, ರೈಟ್!” ಎಂದು ಅವಳು ಕೂಗಿದರೆ ಬೀದಿಗೆಲ್ಲ ಕೇಳುತ್ತಿತ್ತು. ಆರು ತಿಂಗಳಲ್ಲಿ ಅದೇ ಬಲಗೈ ಚಮಚ ಹಿಡಿಯಿತು.

ಬೆಟ್ಟದ ರಸ್ತೆಯ ಹೊಸ ರೂಟು ಬಂದಾಗ ಲ್ಯಾಪ್‌ಟಾಪಿನಲ್ಲಿ ಜಾಗ ಸಾಲಲಿಲ್ಲ. ಅದಕ್ಕೇ ದೊಡ್ಡ ಡಿಸ್ಕು ಹಾಕಿಸಿದ್ದು. ಹಾಕಿಸಿ ತಂದ ದಿನದಿಂದಲೇ ಈ ಗ್ರಹಚಾರ.

ಅಂಗಡಿಯಿಂದ ಬಂದು, ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಅದರ ಜಾಗದಲ್ಲಿಟ್ಟು ಗೇಮು ಹಚ್ಚಿದಳು. ಹತ್ತು ನಿಮಿಷ ಸರಿಯಿತ್ತು. ಆಮೇಲೆ ಬಸ್ಸು ಮತ್ತೆ ಮುಗ್ಗರಿಸಿತು, ತಿರುವಿನಲ್ಲಿ ಸೀದಾ ಹೋಗಿ ಚರಂಡಿಗೆ ಬಿತ್ತು.

ಅಪ್ಪ ಸ್ಟೇರಿಂಗಿನಿಂದ ಕೈ ತೆಗೆದರು.

“ಅಂಗಡೀಲಿ ಹೇಗೆ ಓಡ್ತಮ್ಮಾ?”

“ಅಲ್ಲಿ... ಚೆನ್ನಾಗೇ ಓಡ್ತಪ್ಪ.”

“ನೋಡಿದ್ಯಾ?” ಅಪ್ಪ ನಗಲು ನೋಡಿದರು, ನಗು ಬರಲಿಲ್ಲ. “ಮೆಷಿನ್ ಸರಿಯಾಗೇ ಇದೆ. ನನ್ನ ಕೈ ಕೆಟ್ಟಿರೋದು. ನಾನು ತಿರುಗ್ಸೋದೇ ತಡ ಆಗ್ತಿದೆ. ನಿನಗೆ ಹೇಳಿದ್ರೆ ಬೇಜಾರಾಗ್ತೀಯ ಅಂತ ಸುಮ್ನಿದ್ದೆ.”

“ಅಪ್ಪಾ, ಹಾಗೆಲ್ಲ ಏನಿಲ್ಲ!”

“ಬಿಡಮ್ಮ, ಸಾಕು. ಡ್ಯೂಟಿ ಮುಗೀತು ಅಂದ್ಕೋ.”

ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪ ಚಮಚವನ್ನು ಎಡಗೈಗೆ ಬದಲಾಯಿಸಿಕೊಂಡರು. ಅವಳು ನೋಡಿಯೂ ನೋಡದಂತೆ ನೀರು ತರುವ ನೆಪದಲ್ಲಿ ಒಳಗೆ ಹೋಗಿ, ಬಿಕ್ಕಿ ಬಿಕ್ಕಿ ಅತ್ತಳು. ಆರು ತಿಂಗಳ ಕಷ್ಟವೆಲ್ಲ ಒಂದು ವಾರದಲ್ಲಿ ನೀರುಪಾಲಾಯಿತಲ್ಲ...

ಮರುದಿನ ಅಂಗಡಿಗೆ ಹೋದವಳ ಬಾಯಲ್ಲಿ ಜಗಳದ ಮಾತಿರಲಿಲ್ಲ.

“ನೀವು ಸರಿಯಿದೆ ಅಂದ್ರಿ. ಅದಕ್ಕೇ ನಮ್ಮಪ್ಪ ತಪ್ಪು ತನ್ನ ಕೈದೇ ಅಂದ್ಕೊಂಡ್ರು. ಇನ್ನು ಸ್ಟೇರಿಂಗ್ ಮುಟ್ಟಲ್ವಂತೆ...” ಅಳತೆ ಟೇಪನ್ನು ಬೆರಳಿಗೆ ಸುತ್ತತೊಡಗಿದಳು.

ಅವನು ಒಂದು ಕ್ಷಣ ಅವಳನ್ನೇ ನೋಡಿದ. ನಿನ್ನೆ ಹುಲಿಯಂತೆ ಬಂದವಳು ಇವತ್ತು ಹೀಗೆ ನಿಂತಿದ್ದಳು. ಎದ್ದವನೇ ಶಟರ್ ಎಳೆದ.

“ನಡೀರಿ, ಮನೆಗೆ ಹೋಗೋಣ. ಅದು ಓಡೋ ಜಾಗದಲ್ಲೇ ನೋಡ್ಬೇಕಿತ್ತು ನಾನು.”

ದಾರಿಯಲ್ಲಿ ಅವಳು ಸಂಜೆ ಐದರ ಡ್ಯೂಟಿ, ತನ್ನ ಕಂಡಕ್ಟರ್ ಕೆಲಸ ಎಲ್ಲ ಹೇಳಿದಳು. ಮನೆಯಲ್ಲಿ ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

“ಅಂಕಲ್, ಒಂದು ರೌಂಡ್ ನಾನು ಓಡಿಸ್ಲಾ?”

“ಓಡ್ಸಪ್ಪ. ನನ್ನ ಕೇಳೋದೇನು?”

ಅವನು ಕೂತು ಬಸ್ಸು ಹೊರಡಿಸಿದ. ಹತ್ತು ನಿಮಿಷಕ್ಕೆ ಸರಿಯಾಗಿ ಬಸ್ಸು ತಡವರಿಸಿತು. ಒಂದು ತಿರುವಿನಲ್ಲಿ ಕಂಬಕ್ಕೆ ಗುದ್ದಿದ. ಮುಂದಿನದರಲ್ಲಿ ಚರಂಡಿಗೆ ಬಿದ್ದ. ಮೂರನೆಯದರಲ್ಲಿ ಬಸ್ಸು ಯಾರದೋ ಹಿತ್ತಲಿಗೇ ನುಗ್ಗಿತು!

ಅಪ್ಪ ಮೆಲ್ಲಗೆ ಇತ್ತ ತಿರುಗಿದರು.

“ಅಂಕಲ್, ನನ್ನ ಎರಡು ಕೈಯೂ ಗಟ್ಟಿಮುಟ್ಟಾಗಿವೆ. ಆದ್ರೂ ಹಿತ್ತಲಿಗೆ ಹೋದೆ. ಈಗ್ಲಾದ್ರೂ ಒಪ್ಕೊಳ್ಳಿ, ನಿಮ್ಮ ಕೈದೇನೂ ತಪ್ಪಿಲ್ಲ.”

ಅಪ್ಪ ತಮ್ಮ ಬಲಗೈ ನೋಡಿಕೊಂಡರು. “ನಿಜವಾ?”

“ಕಣ್ಣಾರೆ ನೋಡಿದ್ರಲ್ಲ!”

ಹಾಗೆನ್ನುತ್ತಲೇ ಅವನು ಲ್ಯಾಪ್‌ಟಾಪಿನ ಕೆಳಗೆ ಕೈಯಿಟ್ಟ. ಕಾದ ಕಾವಲಿ! ಮೆಷಿನ್ನಿನ ಅಡಿಯಲ್ಲಿ ದಪ್ಪ ಹತ್ತಿ ತುಂಬಿದ, ಅಂದವಾಗಿ ಹೊಲಿದ ಒಂದು ಮ್ಯಾಟಿತ್ತು. ಅದರ ಅಂಚಿನಲ್ಲಿ ಕೆಂಪು ದಾರದ ಕಸೂತಿ: ‘ಅಪ್ಪನ ಬಸ್ಸು’. ಅವನು ಅದನ್ನು ಓದಿದ. ಅವಳತ್ತ ನೋಡಿದ.

“ಮೇಡಂ, ದಾರದ ರೀಲು ಇದ್ಯಾ? ನಾಲ್ಕು, ಒಂದೇ ಅಳತೇದು.”

ಅವಳು ಹೊಲಿಗೆ ಡಬ್ಬಿಯಿಂದ ನಾಲ್ಕು ರೀಲು ತಂದಳು. ಅವನು ಮ್ಯಾಟನ್ನು ಸದ್ದಿಲ್ಲದೆ ಎಳೆದು, ಲ್ಯಾಪ್‌ಟಾಪಿನ ನಾಲ್ಕು ಮೂಲೆಗೂ ಒಂದೊಂದು ರೀಲು ಕೊಟ್ಟು ಎತ್ತರಿಸಿದ. ಸ್ವಲ್ಪ ಹೊತ್ತು ತಣಿಯಲು ಬಿಟ್ಟು, “ಬನ್ನಿ ಅಂಕಲ್, ಡ್ಯೂಟಿಗೆ ಟೈಮಾಯ್ತು” ಎಂದ.

ಅಪ್ಪ ಬಲಗೈಯನ್ನು ಸ್ಟೇರಿಂಗಿನ ಮೇಲಿಟ್ಟರು. ಹತ್ತು ನಿಮಿಷವಾಯಿತು... ಇಪ್ಪತ್ತಾಯಿತು... ಬೆಟ್ಟದ ಹನ್ನೊಂದು ತಿರುವು ದಾಟಿ ಬಸ್ಸು ಮೇಲಿನ ಸ್ಟಾಪಿನಲ್ಲಿ ಕೂದಲೆಳೆಯಷ್ಟೂ ಅಲುಗದೆ ನಿಂತಿತು!

“ಏನಪ್ಪಾ, ನೀನು ಇಳಿಜಾರಲ್ಲಿ ಬ್ರೇಕ್ ಮೇಲೇ ನಿಂತಿದ್ದೆಯಲ್ಲ, ಯಾರು ಕಲಿಸಿದ್ದು ನಿನಗೆ?” ಅಪ್ಪ ಗದರಿದರು. ಕಣ್ಣಲ್ಲಿ ಮಾತ್ರ ನೀರು ತುಂಬಿತ್ತು.

“ಹೊಸ ಡಿಸ್ಕು ಸ್ವಲ್ಪ ಜಾಸ್ತಿ ಬಿಸಿಯಾಗುತ್ತೆ ಅಂಕಲ್. ಬಿಸಿಯಾದ್ರೆ ಮೆಷಿನ್ನು ತಾನೇ ನಿಧಾನ ಮಾಡ್ಕೊಳ್ಳುತ್ತೆ. ಮೊದ್ಲೇ ನೋಡ್ಬೇಕಿತ್ತು, ನನ್ನದೇ ತಪ್ಪು” ಎಂದು ಅವನು ಮ್ಯಾಟನ್ನು ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡ. “ಇದನ್ನ ನಾನು ತಗೊಂಡು ಹೋಗ್ಲಾ ಮೇಡಂ? ಅಂಗಡೀಲಿ ಬೇಕಾಗುತ್ತೆ.”

“ತಗೊಳ್ಳಿ...” ಎಂದಳು. ‘ಎರಡು ದಿನ ಕೂತು ಹೊಲಿದ ಮ್ಯಾಟು! ಎಂಥ ಆಸೆಬುರುಕ!’ ಎಂದು ಒಳಗೊಳಗೇ ಉರಿದರೂ, ಅಪ್ಪನ ಮುಖ ನೋಡಿ ಸುಮ್ಮನಾದಳು.

ಎಂಟು ದಿನ ಕಳೆಯಿತು. ಒಂಬತ್ತನೆಯ ದಿನ ಅಪ್ಪ ಶರ್ಟಿನ ಮೇಲಿನ ಗುಂಡಿಯನ್ನು ತಾವೇ ಹಾಕಿಕೊಂಡರು. ಬಲಗೈಯಲ್ಲಿ! ಅವಳಿಗೆ ಕುಣಿಯುವಷ್ಟು ಸಂತೋಷ. ಮೊದಲು ಹೇಳಬೇಕೆನಿಸಿದ್ದು ಯಾರಿಗೆ ಅಂತೀರಿ? ಅವನಿಗೇ!

ಓಡೋಡಿ ಅಂಗಡಿಗೆ ಹೋದಳು. ಅವನು ಒಳಗಿನ ಕೋಣೆಯಲ್ಲಿದ್ದ. “ಎರಡು ನಿಮಿಷ ಮೇಡಂ!” ಎಂಬ ದನಿ ಬಂತು. ಕಾಯುತ್ತಾ ಗೋಡೆ ನೋಡಿದಳು. ಮೊದಲು ಕಂಡದ್ದು ಅವಳ ಮ್ಯಾಟು. ಮೊಳೆಗೆ ನೇತುಹಾಕಿದ್ದ, ಒಂದು ಧೂಳಿನ ಕಣವೂ ಇಲ್ಲದಂತೆ. ಅದರ ಪಕ್ಕದ ತಂತಿಯಲ್ಲಿ ಅವಳದೇ ಕಾರ್ಡು.

‘ದೂರು: ಬಸ್ಸು ತಡವರಿಸುತ್ತದೆ. ಕಾರಣ: ಅಡಿಯಲ್ಲಿ ಹತ್ತಿಯ ಮ್ಯಾಟು, ಗಾಳಿ ಹೋಗುವ ಕಿಂಡಿ ಮುಚ್ಚಿದೆ. ಮೆಷಿನ್ನು ಯಾವುದರ ಮೇಲೆ ಕೂರುತ್ತದೆಂದು ನಾನು ಕೇಳಲಿಲ್ಲ. ಪರಿಹಾರ: ದಾರದ ರೀಲು, ನಾಲ್ಕು.’

ಮ್ಯಾಟು... ಲ್ಯಾಪ್‌ಟಾಪು ಅಂಗಡಿಯಲ್ಲಿದ್ದ ಆ ಎರಡು ದಿನ, ಹೊಸ ಡಿಸ್ಕಿನ ಸಂಭ್ರಮಕ್ಕೆ ಅವಳೇ ಹೊಲಿದದ್ದು! ಅದಕ್ಕೂ ಮೊದಲು ಬರಿ ಮೇಜಿನ ಮೇಲೇ ಇಡುತ್ತಿದ್ದದ್ದು!

ಅವನು ಹೊರಗೆ ಬಂದಾಗ ಅವಳ ಕೆನ್ನೆ ಒದ್ದೆಯಾಗಿತ್ತು.

“ತಪ್ಪು ನಂದಾ? ನಮ್ಮಪ್ಪ ಒಂದು ವಾರ ನರಳಿದ್ದು ನನ್ನಿಂದಾನಾ?”

“ಅಯ್ಯೋ, ಅಳ್ಬೇಡಿ...”

“ಯಾಕ್ರೀ ಹೇಳ್ಲಿಲ್ಲ? ಅಷ್ಟು ಜನರ ಮುಂದೆ ನಿಮಗೆ ಬಾಯಿಗೆ ಬಂದ ಹಾಗೆ ಅಂದೆ. ಮನೆಗೆ ಬಂದಾಗ್ಲೇ ನನ್ನ ಮುಖಕ್ಕೆ ಹೊಡೆದ ಹಾಗೆ ಹೇಳಬಹುದಿತ್ತಲ್ಲ!”

ಅವನು ಮ್ಯಾಟಿನ ಕಡೆ ಕೈ ತೋರಿದ.

“ಅದರ ಮೇಲೆ ‘ಅಪ್ಪನ ಬಸ್ಸು’ ಅಂತ ಬರೆದಿತ್ತು. ಇಷ್ಟು ಪ್ರೀತಿಯಿಂದ ಹೊಲಿದಿದ್ದರಿಂದಲೇ ಕೆಟ್ಟಿದ್ದು ಅಂತ, ಅದೂ ಅವರ ಎದುರಿಗೇ ಹೇಳೋಕೆ ನನಗೆ ಬಾಯಿ ಬರ್ಲಿಲ್ಲ. ನಾನು ಕೇಳದೇ ಇದ್ದದ್ದೂ ತಪ್ಪೇ ಅಲ್ವಾ? ಅಲ್ಲೇ ಬಿಟ್ರೆ ನೀವು ಮತ್ತೆ ಅಡಿಗೆ ಹಾಕ್ತೀರಿ ಅಂತ ತಗೊಂಡು ಬಂದೆ. ಎಸೆಯೋಕೆ ಮನಸ್ಸಾಗ್ಲಿಲ್ಲ.”

‘ಇವನನ್ನೇ ಆಸೆಬುರುಕ ಅಂದ್ನಲ್ಲ ನಾನು!’ ಅವಳ ಎದೆ ತುಂಬಿ ಬಂತು.

“ಇವತ್ತು ಅಪ್ಪ ಗುಂಡಿ ಹಾಕ್ಕೊಂಡ್ರು. ಬಲಗೈಲಿ. ಅದನ್ನ ಹೇಳೋಕೇ ಓಡಿ ಬಂದೆ. ನಿಮ್ಮ ಉಪಕಾರ ನಾನು ಯಾವತ್ತೂ ಮರೆಯಲ್ಲ.”

“ಹೌದಾ!” ಅವನ ಮುಖ ಅರಳಿದ್ದು ನೋಡಿದರೆ ಗುಂಡಿ ಹಾಕಿಕೊಂಡದ್ದು ಅವನ ಅಪ್ಪನೇ ಅನ್ನಬೇಕು. ಆಮೇಲೆ ತಲೆ ತಗ್ಗಿಸಿ, “ನಂದೂ ಒಂದು ದೂರಿದೆ ಮೇಡಂ” ಎಂದ. ಹೊಸ ಕಾರ್ಡು ತೆಗೆದು ಬರೆದು, ಅವಳತ್ತ ತಳ್ಳಿದ.

‘ದೂರು: ಸಂಜೆ ಐದಾದರೆ ಮನಸ್ಸು ಅಂಗಡಿಯಲ್ಲಿ ನಿಲ್ಲುವುದಿಲ್ಲ. ಕಾರಣ: ಕಂಡಕ್ಟರ್. ಪರಿಹಾರ:’

ಮುಂದೆ ಖಾಲಿ ಬಿಟ್ಟಿದ್ದ.

ಅವಳು ಎರಡೆರಡು ಸಲ ಓದಿದಳು. ಹೊಲಿಗೆ ಮೆಷಿನ್ನಿಗಿಂತ ಜೋರಾಗಿ ಎದೆ ಬಡಿಯುತ್ತಿತ್ತು. ಅವನ ಕೈಯಿಂದಲೇ ಪೆನ್ನು ತೆಗೆದುಕೊಂಡು ಬರೆದಳು: ‘ದಿನಾ ಐದಕ್ಕೆ ನಮ್ಮ ಮನೆಗೆ ಬರುವುದು.’ ಬರೆದು, ತಾನೇ ತಂತಿಗೆ ಪೋಣಿಸಿದಳು.

ಅವತ್ತು ಸಂಜೆ ಐದಕ್ಕೆ ಐದು ನಿಮಿಷವಿರುವಾಗ ಅವನು ಬಾಗಿಲಲ್ಲಿದ್ದ. ನಾಲ್ಕು ರೀಲುಗಳ ಮೇಲೆ ಲ್ಯಾಪ್‌ಟಾಪು ತಣ್ಣಗೆ ಕೂತಿತ್ತು. ಅಪ್ಪ ತಲೆ ಬಾಚಿ ಡ್ಯೂಟಿಗೆ ಸಿದ್ಧರಾಗಿದ್ದರು.

“ಬಸ್ಸಲ್ಲಿ ಸೀಟು ಇದೆಯಾ?” ಅವನು ಮೆಲ್ಲಗೆ ಕೇಳಿದ.

“ಒಂದೇ ಇದೆ... ಕಂಡಕ್ಟರ್ ಪಕ್ಕದ್ದು,” ಅವಳು ಕಣ್ಣೆತ್ತಲಿಲ್ಲ. “ಎಲ್ಲಿವರೆಗೆ?”

“ಕೊನೇ ಸ್ಟಾಪಿನವರೆಗೂ. ಆಗುತ್ತಾ?”

ಅವಳ ಕಣ್ಣು ಮಂಜಾಯಿತು. ಏನು ಹೇಳುವುದು, ಅಪ್ಪ ಪಕ್ಕದಲ್ಲೇ ಇದ್ದಾರಲ್ಲ...

“ಬೇಗ ಹತ್ತಿಸ್ಕೊಳ್ಳಮ್ಮಾ ಆ ಹುಡುಗನ್ನ!” ಅಪ್ಪ ಕನ್ನಡಿಯಿಲ್ಲದ ಬಸ್ಸಿನಲ್ಲೂ ಹಿಂದಿನದೆಲ್ಲ ಕಂಡವರಂತೆ ಗದರಿದರು. “ಬಸ್ಸು ಲೇಟಾಗ್ತಿದೆ!”

ಅವಳು ಸ್ಟೂಲಿನಲ್ಲಿ ಪಕ್ಕಕ್ಕೆ ಸರಿದು ಅವನಿಗೆ ಜಾಗ ಕೊಟ್ಟಳು. ಸ್ಟೇರಿಂಗಿನ ಮೇಲಿದ್ದ ಅಪ್ಪನ ಬಲಗೈ ನೋಡಿದಳು. ಪಕ್ಕದಲ್ಲಿ ಕೂತವನ ಕೈ ಹಿಡಿದುಕೊಂಡಳು.

“ರೈಟ್, ರೈಟ್!”