ನರ್ಸಮ್ಮನ ಟರ್ಬೊ ಕಾರು

"ನನ್ನ ತಮ್ಮ ಪೆಟ್ರೋಲ್ ಕಳ್ಳ ಅಲ್ಲ. ಅದನ್ನ ನೀವೇ ತೋರಿಸಿಕೊಡಬೇಕು, ಮೇಡಂ," ಎಂದು ಆ ನರ್ಸ್ ಕೂರುವ ಮೊದಲೇ ಹೇಳಿದರು.

ನನ್ನ ಅತ್ತಿಗೆ ಅಪಘಾತವಾದ ವಾಹನಗಳನ್ನು ಪರೀಕ್ಷಿಸುವ ಕೆಲಸದಿಂದ ನಿವೃತ್ತರಾದವರು. ಇಂಥ ತೊಡಕು ಹೊತ್ತು ಅವರ ಬಳಿ ಬರುವವರು ಹಲವರು. ಅವರ ಹಿಂದೆ ಓಡಾಡುವವನು ಮೈದುನನಾದ ನಾನು.

ನರ್ಸ್ ತಾವೇ ಕಾರು ಓಡಿಸಿಕೊಂಡು ಮನೆಮನೆಗೆ ಹೋಗಿ ಹೆರಿಗೆ ಮಾಡಿಸುತ್ತಿದ್ದರು. ಬೇಗ ತಲುಪಲೆಂದು ಅವರ ಗಂಡ ಹಳೇ ಕಾರಿಗೆ, ಎಂಜಿನ್‌ಗೆ ಹೆಚ್ಚು ಗಾಳಿ ಒತ್ತಿ ವೇಗ ಹೆಚ್ಚಿಸುವ ಟರ್ಬೊ ಕೂರಿಸಿದ್ದರು. ಈಚೆಗೆ ಪೆಟ್ರೋಲ್ ನೀರಿನಂತೆ ಖರ್ಚಾಗುತ್ತಿತ್ತು. ಜೊತೆಗಿದ್ದ ಭಾವಮೈದುನನೇ ಕದಿಯುತ್ತಾನೆಂದು ಗಂಡ ಅಂದದ್ದೇ ತಡ, ಅವನು ಮನೆ ಬಿಡಲು ಬಟ್ಟೆ ಜೋಡಿಸಿಟ್ಟಿದ್ದ.

"ರಾತ್ರಿ ಕಾರು ನಿಲ್ಲಿಸಿದಾಗ ಇದ್ದ ಪೆಟ್ರೋಲ್ ಮುಳ್ಳು ಬೆಳಿಗ್ಗೆ ಕೆಳಗಿಳಿದಿರುತ್ತಾ?" ಎಂದು ಅತ್ತಿಗೆ ಕೇಳಿದರು.

"ಇಲ್ಲ, ಅಲ್ಲೇ ಇರುತ್ತೆ."

"ಹಾಗಾದ್ರೆ ಓಡುವಾಗಲೇ ಹೋಗ್ತಿದೆ," ಎಂದು ಅತ್ತಿಗೆ ಎದ್ದರು.

ನರ್ಸಿನ ಮನೆಯಂಗಳದಲ್ಲಿ ಕಾರಿನ ಹೊಗೆಕೊಳವೆಗೆ ಕಪ್ಪು ಮಸಿ ಮೆತ್ತಿತ್ತು. ಎಂಜಿನ್ ಜೋರು ಮಾಡಿದರೆ ಬುಸ್ಸೆನ್ನುವ ಸದ್ದು. ನರ್ಸಿನ ಮಾವ, ವಯಸ್ಸಾದ ದರ್ಜಿ, ಹೊಲಿಗೆ ಯಂತ್ರ ಬಿಟ್ಟು ಕಿಟಕಿಗೆ ಬಂದರು.

"ಒಂದೇ ಸಲ ಕೂತಿದ್ದೆ, ಜೀವ ಕೈಲಿತ್ತು. ಆಮೇಲೆ ಹತ್ತಿಲ್ಲ. ಈಗ ಏರಲ್ಲಿ ಮೊದಲಿನ ಹಾಗೆ ಎಗರಲ್ಲ, ಅದೇ ಸಮಾಧಾನ," ಎಂದರು.

ಅತ್ತಿಗೆ ಬಾನೆಟ್ ಎತ್ತಿ ನೋಡಿದರು. ಆಮೇಲೆ ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿದರು.

"ಟರ್ಬೊ ಒತ್ತಿ ಕಳಿಸೋ ಗಾಳಿ ರಬ್ಬರ್ ಪೈಪಿನಲ್ಲಿ ಎಂಜಿನ್‌ಗೆ ಹೋಗಬೇಕು. ಪೈಪನ್ನು ಬಿಗಿದಿಡೋ ಪಟ್ಟಿ ಸಡಿಲವಾಗಿ ಗಾಳಿ ಸೋರ್ತಿದೆ, ಅದೇ ಬುಸ್ ಸದ್ದು. ಸೋರಿಹೋದ ಗಾಳಿಯನ್ನೂ ಲೆಕ್ಕ ಹಿಡಿದು ಎಂಜಿನ್‌ಗೆ ಪೆಟ್ರೋಲ್ ಸುರಿಯುತ್ತೆ. ಅದು ಪೂರ್ತಿ ಉರಿಯದೆ ಮಸಿಯಾಗುತ್ತೆ, ಕಾರಿನ ಬಲವೂ ಇಳಿಯುತ್ತೆ."

"ತಾನಾಗೇ ಸಡಿಲ ಆಗಿರಬಹುದಲ್ಲ?" ಎಂದರು ಗಂಡ.

"ಪಟ್ಟಿಯ ಸ್ಕ್ರೂ ತಲೆಯ ಮೇಲೆ ಹೊಸ ಗೀರುಗಳಿವೆ. ಕತ್ತರಿ ಮೊನೆ ಜಾರಿದ ಗುರುತು." ಅತ್ತಿಗೆ ನರ್ಸಿನತ್ತ ತಿರುಗಿದರು. "ಏರಲ್ಲಿ ಕಾರು ಎಳೆಯಲ್ಲ ಅಂತ ಮನೇಲಿ ಹೇಳಿದ್ರಾ?"

"ಯಾರಿಗೂ ಹೇಳಿಲ್ಲ."

"ಆದರೂ ಕಾರು ಹತ್ತದ ಮಾವನಿಗೆ ಗೊತ್ತಿತ್ತು."

ದರ್ಜಿಯ ಮುಖ ಬಿಳಚಿಕೊಂಡಿತು. "ಆ ಪೈಪಲ್ಲೇ ಅದರ ಜೋರು ಇರೋದು ಅಂತ ಮಗನೇ ತೋರಿಸಿದ್ದ. ವೇಗ ಇಳೀಲಿ ಅಂತ ನಾನೇ ಪಟ್ಟಿ ಸಡಿಲ ಮಾಡಿದೆ. ಪೆಟ್ರೋಲ್‌ಗೂ ಇದಕ್ಕೂ ನಂಟಿದೆ ಅಂತ ನಂಗೇನು ಗೊತ್ತು? ಅಪವಾದ ನಿನ್ನ ಮೇಲೆ ಬಂತಲ್ಲಪ್ಪಾ," ಎಂದು ಸೊಸೆಯ ತಮ್ಮನ ಕೈ ಹಿಡಿದುಕೊಂಡರು.

ಗಂಡ ಎದ್ದು ಹೋಗಿ ಭಾವಮೈದುನನ ಚೀಲವನ್ನು ತಾವೇ ಒಳಗಿಟ್ಟು ಬಂದರು. "ತಪ್ಪಾಯ್ತು ಕಣೋ. ಪಟ್ಟಿ ಬಿಗಿ ಮಾಡಿ, ಟರ್ಬೊ ಒತ್ತಡಾನೂ ಇಳಿಸ್ತೀನಿ," ಎಂದರು.

ನರ್ಸ್ ಮಾವನ ಪಕ್ಕ ಕೂತರು. "ನಿಧಾನ ಹೋಗು ಅಂದಿದ್ರೆ ಸಾಕಿತ್ತಲ್ಲ, ಮಾವ."

"ಅಲ್ಲಿ ಒಬ್ಬಳು ನೋವು ತಿಂತಾ ಕಾಯ್ತಿರ್ತಾಳೆ," ಎಂದರು ದರ್ಜಿ. "ನಿಧಾನ ಹೋಗು ಅಂತ ಯಾವ ಬಾಯಲ್ಲಿ ಹೇಳ್ಲಮ್ಮ?"