ಬಾಟಲಿ ಕುದಿಯುವಾಗ ಬಾಗಿಲು ತಟ್ಟಿದವಳು

"ಇವತ್ತು ಯಾರ ಮನೆ ಬಾಗಿಲೂ ತಟ್ಟಬೇಡ ಕಣೇ. ಅದ್ರಲ್ಲೂ ಡಾರ್ಕಸ್ ಮನೇದು," ಎಂದಳು ಮುದುಕಿ ಹೆಪ್ಜಿಬಾ, ಕೆಮ್ಮಿನ ನಡುವೆ. "ಅಲ್ಲಿ ಬಾಟಲಿ ಇಟ್ಟಿದಾರೆ."

ಹೊಗೆಗೂಡಿನಿಂದ ಹಿಮದ ಹೆಂಟೆಯೊಂದು ಜಾರಿ ಬಿದ್ದು ಒಲೆಯ ಕೆಂಡವನ್ನೆಲ್ಲ ನುಂಗಿಬಿಟ್ಟಿತ್ತು. ಮುದುಕಿಯ ತುಟಿ ನೀಲಿಗಟ್ಟಿತ್ತು. ಟಾಮ್ಸಿನ್ ಆಗಲೇ ಕೆಂಡ ತರುವ ಕಬ್ಬಿಣದ ಬಾಂಡಲಿಯನ್ನು ಕೈಗೆತ್ತಿಕೊಂಡಿದ್ದಳು.

"ಏನ್ ಬಾಟಲಿ ಅಜ್ಜೀ? ಸಾರಾಯೀದಾ? ಹಾಗಾದ್ರೆ ಹೋಗಲೇಬೇಕು."

"ನಗಬೇಡ. ಡಾರ್ಕಸ್ ಮಗಳು ಪುಟ್ಟಿ ಪೇಷನ್ಸ್‌ಗೆ ಹೋದ ವಾರದಿಂದ ಮೈ ಸೆಟೆಯೋ ಬೇನೆ ಬರ್ತಿದೆಯಲ್ಲ, ಅವಳ ಉಚ್ಚೆಗೆ ತುಕ್ಕು ಮೊಳೆ, ಬಗ್ಗಿಸಿದ ಗುಂಡುಸೂಜಿ ಹಾಕಿ ಕುದಿಸ್ತಿದಾರೆ. ಶಾಪ ಹಾಕಿದೋಳ ಹೊಟ್ಟೇಲಿ ಆ ಮೊಳೆ ಚುಚ್ಚುತ್ತೆ. ತಡೀಲಾರದೆ ಏನೋ ಕೇಳೋ ನೆಪ ಮಾಡ್ಕೊಂಡು ಬಾಟಲಿ ಇಳಿಸೋಕೆ ಓಡಿ ಬರ್ತಾಳೆ. ಮೊದಲು ಬಾಗಿಲು ತಟ್ಟಿದೋಳೇ ಮಾಟಗಾತಿ."

"ನಮ್ಮ ದ್ವೀಪದಲ್ಲಿ ಉಚ್ಚೆ ಕುದಿಸೋರನ್ನ ಹುಚ್ಚರು ಅಂತೀವಿ."

"ಇದು ನಿಮ್ಮ ದ್ವೀಪ ಅಲ್ಲ."

ಅಲ್ಲ ಎಂಬುದನ್ನು ಊರು ಅವಳಿಗೆ ದಿನಬೆಳಗಾದರೆ ನೆನಪಿಸುತ್ತಿತ್ತು. ಕಾಡ್ ಮೀನು ಸೀಳುತ್ತಾ ಹಾಡು ಹೇಳುವ ಜನರ ನಡುವೆ ಹುಟ್ಟಿದವಳು ಟಾಮ್ಸಿನ್. ಈ ಊರಿನಲ್ಲಿ ಕೀರ್ತನೆ ಬಿಟ್ಟು ಬೇರೇನು ಗುನುಗಿದರೂ ಪಾಪ. ಬಂದ ಹೊಸದರಲ್ಲೇ ಊರಿನ ಪೇದೆ ಬಾಗಿಲಿಗೆ ಬಂದು, ಊರಿನ ಹೆಸರಿನಲ್ಲಿ 'ಹೊರಡು' ಎಂದು ಹೇಳಿ ಹೋಗಿದ್ದ. ಹೆಪ್ಜಿಬಾ ಕೆಲಸಕ್ಕಿಟ್ಟುಕೊಂಡದ್ದರಿಂದ ಉಳಿದಿದ್ದಳು. ಪ್ರಾರ್ಥನಾಮಂದಿರದಲ್ಲಿ ಅವಳ ಜಾಗ ಬಾಗಿಲ ಹಿಂದೆ, ಚಳಿಗಾಳಿ ನುಗ್ಗುವಲ್ಲಿ. ಹಾಲು ಒಡೆದರೆ ಅವಳ ಕಣ್ಣು. ಕುರಿ ಕಂದು ಹಾಕಿದರೆ ಅವಳ ಕಾಲ್ಗುಣ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಬಂದರೆ ಬಾವಿಕಟ್ಟೆಯ ಹೆಂಗಸರು ಮಕ್ಕಳನ್ನು ಲಂಗದ ಹಿಂದೆ ಸೆಳೆದುಕೊಳ್ಳುತ್ತಿದ್ದರು. ಪೇಷನ್ಸ್ ಒಬ್ಬಳು ಮಾತ್ರ ಬೇಲಿ ನುಸುಳಿ ಬಂದು ಅವಳ ತೊಡೆಯ ಮೇಲೆ ಕೂತು ಮೀನುಗಾರರ ಹಾಡು ಕಲಿಯುತ್ತಿದ್ದಳು.

"ಕೆಂಡ ಕೇಳೋದೂ ಪಾಪ ಆಗೋದಾದ್ರೆ ಆಗ್ಲಿ. ನೀನು ಇಲ್ಲಿ ಸೆಟೆದು ಸಾಯೋದನ್ನ ನಾನು ನೋಡ್ತಾ ಕೂರಲ್ಲ," ಎಂದು ಟಾಮ್ಸಿನ್ ಹೊರಬಿದ್ದಳು. ಆಚೆ ಮನೆಯೊಂದಿತ್ತು, ನಿಜ. ಆದರೆ ಅದು ಹೊಳೆ ದಾಟಿ. ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಮುದುಕಿ ಉಳಿಯುತ್ತಿರಲಿಲ್ಲ.

ಮಧ್ಯಾಹ್ನವೇ ಕತ್ತಲಿಳಿದಂತಿತ್ತು. ಬಾವಿಯನ್ನು ದಾಟುವಾಗ ಅವಳಿಗೆ ಹಿಂದಿನ ವಾರದ್ದು ನೆನಪಾಯಿತು. ತನ್ನ ಹಸುಗೂಸು ಮಗನನ್ನು ಮಣ್ಣುಮಾಡಿ ಬಂದಿದ್ದ ಡಾರ್ಕಸ್ ಅಲ್ಲಿ ನಿಂತಿದ್ದಳು, ಪೇಷನ್ಸ್ ಕೊಡ ಉರುಳಿಸಿದ್ದಳು. "ಸೈತಾನ ಅವನನ್ನ ಬಿಟ್ಟು ನಿನ್ನ ಹೊತ್ಕೊಂಡು ಹೋಗಬಾರದಿತ್ತಾ!" ಎಂದು ತಾಯಿ ಹಲ್ಲು ಕಚ್ಚಿ ಹೇಳಿದ್ದಳು. ಸಂಕಟದ ಮಾತು, ಯಾವ ತಾಯಿ ಆಡಿಲ್ಲ ಎಂದುಕೊಂಡು ಟಾಮ್ಸಿನ್ ಅದನ್ನು ಯಾರಿಗೂ ಹೇಳಿರಲಿಲ್ಲ.

ಅವಳು ಬಾಗಿಲು ತಟ್ಟಿದಳು. ಒಳಗಿನ ಪ್ರಾರ್ಥನೆ ತಟಕ್ಕನೆ ನಿಂತಿತು.

ತೆರೆದ ಬಾಗಿಲಿನಿಂದ ಮೊದಲು ಬಂದದ್ದು ನಾತ. ಕುದಿಯುವ ಮೂತ್ರದ, ತುಕ್ಕಿನ, ಸುಟ್ಟ ಕೂದಲಿನ ನಾತ. ಕಿಟಕಿಗಳಿಗೆಲ್ಲ ಹಲಗೆ ಬಡಿದಿದ್ದರು. ಒಲೆಯ ಕೆಂಪು ಬೆಳಕಿನಲ್ಲಿ ನೆರೆಯವರ ಮುಖಗಳು ಅವಳತ್ತ ತಿರುಗಿದವು.

"ಬಂದಳು," ಎಂದ ಡೀಕನ್ ಓಬದಾಯ. ಸಭೆಯ ಹಿರಿಯ, ಡಾರ್ಕಸ್‌ಳ ಸತ್ತ ಗಂಡನ ಅಣ್ಣ.

"ಒಲೆ ಆರಿದೆ. ಅಜ್ಜಿ ಚಳೀಗೆ ಸಾಯ್ತಿದಾಳೆ. ಎರಡು ಕೆಂಡ ಕೊಡಿ, ಹೋಗ್ತೀನಿ."

"ಕೇಳಿದಳು! ಎಲ್ಲರೂ ಕೇಳಿಸ್ಕೊಂಡ್ರಾ? ಬಾಯಿಬಿಟ್ಟು ಕೇಳಿದಳು!"

ಬಾಗಿಲ ಅಗುಳಿ ಬಿತ್ತು. ಇಬ್ಬರು ಅವಳ ರಟ್ಟೆ ಹಿಡಿದು ಒಲೆಯ ಮುಂದೆ ನಿಲ್ಲಿಸಿದರು. ಗಡ್ಡದ ಮುಖ ಕೆತ್ತಿದ ಮಣ್ಣಿನ ಬಾಟಲಿ ಬೆಂಕಿಯ ಮೇಲೆ ಗೊರಗೊರ ಎನ್ನುತ್ತಿತ್ತು. ಮೂಲೆಯ ಹಾಸಿಗೆಯಲ್ಲಿ ಪೇಷನ್ಸ್ ಸುಖವಾಗಿ ಮಲಗಿದ್ದಳು.

"ಮಗೂಗೆ ಬೇನೆ ಇಳೀತು. ನೋವು ಹಾಕಿದೋಳಿಗೇ ವಾಪಸು ಹೋಗಿದೆ," ಎಂದ ಡೀಕನ್. "ಹೊರಳಾಡು, ಹಡಬೇ. ನೋಡೋಣ."

"ನನಗೇನೂ ಆಗ್ತಿಲ್ಲ. ನಿಮ್ಮ ಬುದ್ಧಿಗೆ ಏನಾಗಿದೆ ನೋಡ್ಕೊಳ್ಳಿ. ದೇವರ ಹೆಸರು ಹೇಳ್ಕೊಂಡು ಉಚ್ಚೆ ಕುದಿಸ್ತೀರಲ್ಲ, ಇದಕ್ಕಿಂತ ಮಾಟ ಬೇಕಾ?"

ಡೀಕನ್ ಬಾಟಲಿಯ ಬಾಯಿಗೆ ಇನ್ನೊಂದು ಮೊಳೆ ಹಾಕಿದ.

ಟಾಮ್ಸಿನ್‌ಗೆ ಏನೂ ಆಗಲಿಲ್ಲ. ಆದರೆ ಪಕ್ಕದಲ್ಲಿ ನಿಂತಿದ್ದ ಡಾರ್ಕಸ್ ಬೆಚ್ಚಿ ಬಾಗಿದಳು. ಮತ್ತೊಂದು ಮೊಳೆ. ಡಾರ್ಕಸ್ ಮುಂಗೈ ಕಚ್ಚಿಕೊಂಡಳು. ಟಾಮ್ಸಿನ್ ಅವಳತ್ತ ತಿರುಗಿದಳು. ಇನ್ನೊಂದು. ಡಾರ್ಕಸ್‌ಳ ಬಿಳಿಯ ಏಪ್ರನ್ ಮೇಲೆ, ಹೊಕ್ಕುಳದ ನೇರಕ್ಕೆ, ಕೆಂಪು ಚುಕ್ಕೆಯೊಂದು ಮೂಡಿ ನಿಧಾನವಾಗಿ ಅಗಲವಾಯಿತು. ಅವಳು ಅದರ ಮೇಲೆ ಕೈ ಮುಚ್ಚಿದಳು. ಎಲ್ಲರ ಕಣ್ಣೂ ಟಾಮ್ಸಿನ್ ಮೇಲೆ. ಆ ಕಲೆಯನ್ನು ಕಂಡವಳು ಟಾಮ್ಸಿನ್ ಒಬ್ಬಳೇ.

ಸುಳ್ಳೆಂದು ನಕ್ಕದ್ದು ಸುಳ್ಳಲ್ಲ. ಶಾಪವಾಗಿ ತಟ್ಟಿದ್ದು ತಾಯಿಯ ಮಾತೇ. ಬಾವಿಕಟ್ಟೆಯ ಆ ಮಾತು! ಅದನ್ನೀಗ ಬಾಯಿಬಿಟ್ಟರೆ ಸಾಕು, ನೇಣು ತನ್ನ ಕತ್ತಿನಿಂದ ಈ ತಾಯಿಯ ಕತ್ತಿಗೆ ದಾಟುತ್ತದೆ. ಡಾರ್ಕಸ್‌ಳ ಕಣ್ಣು ಬೇಡ, ಬೇಡ ಎಂದು ಅಂಗಲಾಚಿತು.

ಡೀಕನ್ ಮುಷ್ಟಿ ತುಂಬ ಮೊಳೆ ಬಾಚಿಕೊಂಡ.

ಅಷ್ಟೂ ಬಿದ್ದರೆ ಇವಳು ಸಾಯುತ್ತಾಳೆ. ಟಾಮ್ಸಿನ್ ಕೊಸರಿದಳು. ರಟ್ಟೆ ಬಿಡಿಸಿಕೊಂಡಳು. ಬರಿಗೈಯಲ್ಲೇ ಬಾಟಲಿ ಹಿಡಿದಳು. ಅಂಗೈ ಚುರ್ರೆಂದಿತು. ಚರ್ಮ ಅಂಟಿತು. ಬಿಡಲಿಲ್ಲ. ಎತ್ತಿ ಕಲ್ಲಿನ ಮೇಲಿಟ್ಟಳು.

ಗೊರಗೊರ ನಿಂತಿತು. ಡಾರ್ಕಸ್ ದೀರ್ಘವಾಗಿ ಉಸಿರೆಳೆದುಕೊಂಡಳು.

"ಇಳಿಸಿದಳು!" ಎಂದು ಯಾರೋ ಚೀರಿದರು. "ತಡೀಲಾರದೆ ಇಳಿಸಿಬಿಟ್ಟಳು!"

"ಹೇಳಕ್ಕ," ಎಂದಳು ಟಾಮ್ಸಿನ್, ಸುಟ್ಟ ಕೈಗಳನ್ನು ಎದೆಗೊತ್ತಿಕೊಂಡು. "ಯಾರಿಗೋಸ್ಕರ ಇಳಿಸಿದೆ, ಹೇಳು."

ಡಾರ್ಕಸ್ ಸುತ್ತಲಿನ ಮುಖಗಳನ್ನು ನೋಡಿದಳು. ಏಪ್ರನ್ನಿನ ಮಡಿಕೆಯನ್ನು ರಕ್ತದ ಮೇಲೆ ಎಳೆದುಕೊಂಡಳು. ಬೆರಳೆತ್ತಿ ತೋರಿಸಿದಳು.

"ಇವಳೇ. ನನ್ನ ಮಗೂಗೆ ಶಾಪ ಹಾಕಿದ್ದು ಇವಳೇ."

ಹಾಸಿಗೆಯಲ್ಲಿ ಪೇಷನ್ಸ್ ಬಿಲ್ಲಿನ ಹಾಗೆ ಬಾಗಿ ಕಿಟಾರನೆ ಕಿರುಚಿದಳು.

ಟಾಮ್ಸಿನ್‌ಳನ್ನು ಕೂದಲು ಹಿಡಿದು ಹಿಮಕ್ಕೆ ಎಳೆತಂದರು. ಕೈಗಳನ್ನು ಹಿಂದಕ್ಕೆ ತಿರುಚಿ ಬೇಲಿಗೂಟಕ್ಕೆ ಬಿಗಿದರು. ಖಾಲಿ ಬಾಂಡಲಿ ಮೆಟ್ಟಿಲ ಮೇಲೆ ಬಿದ್ದಿತ್ತು. ಅತ್ತ ಹೆಪ್ಜಿಬಾಳ ಹೊಗೆಗೂಡಿನಲ್ಲಿ ಹೊಗೆಯಿರಲಿಲ್ಲ, ಇನ್ನು ಬರುವುದೂ ಇರಲಿಲ್ಲ. ಅದನ್ನು ನೋಡಿದಾಗ ಟಾಮ್ಸಿನ್‌ಗೆ ಭಯವೆಲ್ಲ ಉರಿದುಹೋಯಿತು. ಉಳಿದದ್ದು ಸಿಟ್ಟೊಂದೇ.

"ಮಗು ಇನ್ನೂ ಒದ್ದಾಡ್ತಿದೆ!" ಎಂದು ಒಳಗೆ ಡೀಕನ್ ಕೂಗಿದ. "ಬಾಟಲಿ ಮತ್ತೆ ಬೆಂಕೀಗಿಡಿ! ಆ ಮೊಳೆ ಎಲ್ಲಾನೂ ಹಾಕಿ!"

"ಬೇಡ ಭಾವಾ," ಎಂದಿತು ಡಾರ್ಕಸ್‌ಳ ಧ್ವನಿ. "ಸಾಕು, ಬೇಡ..."

"ಇಡ್ರೋ!" ಎಂದು ಅಬ್ಬರಿಸಿದಳು ಟಾಮ್ಸಿನ್. "ಚೆನ್ನಾಗಿ ಕುದೀಲಿ! ಈ ಸಲ ಬಾಗಿಲು ತಟ್ಟಿ ಇಳಿಸೋಕೆ ಯಾರೂ ಬರಲ್ಲ!"

ಮೊಳೆಗಳು ಬಾಟಲಿಗೆ ಬಿದ್ದ ಸದ್ದು ಹೊರಗಿನವರೆಗೂ ಕೇಳಿಸಿತು. ಮಗು ಸುಮ್ಮನಾಯಿತು. ಆಮೇಲೆ ಡಾರ್ಕಸ್ ಕಿರುಚತೊಡಗಿದಳು.